30×40 ತಾರಸಿಗೆ ವಾಟ ಎಷ್ಟು ಇಂಚು? ಜಗುಲಿ ಹಂಚಿನ ಮಾಡಿಗೆ ಎಷ್ಟು ಡಿಗ್ರಿ?

ಮಲೆನಾಡಮನೆ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ತಾಲೂಕು, ಆಗುಂಬೆ ಕಡೆ ಮನೆ ಕೆಲಸ ನಡೀತಿದೆ. ತಾರಸಿ ಪ್ಯಾರಾಪೆಟ್ ಒಳಗಿನ ಅಳತೆ 30 ಅಡಿ × 40 ಅಡಿ. ಸೆಂಟ್ರಿಂಗ್ (ಕಾಂಕ್ರೀಟ್ ಸುರಿಯೋ ಅಚ್ಚು) ಹೊಡೀತಿದ್ದಾರೆ, ಮೋಲ್ಡ್ (ತಾರಸಿಯ ಕಾಂಕ್ರೀಟ್ ಸ್ಲ್ಯಾಬ್) ಇನ್ನೂ ಹಾಕಿಲ್ಲ.

ವಾಟದ (ನೀರು ಹರಿದು ಹೋಗೋ ಇಳಿಜಾರಿನ) ವಿಷಯದಲ್ಲಿ ಒಬ್ಬೊಬ್ಬರದು ಒಂದೊಂದು ಲೆಕ್ಕ. ಡ್ರಾಯಿಂಗ್‌ನಲ್ಲಿ 1:80 ಅಂತಿದೆ. ಕಂಟ್ರಾಕ್ಟರ್ 1 ಪರ್ಸೆಂಟ್ ಸಾಕು ಅಂತಾರೆ. ಮೇಸ್ತ್ರಿ ಫೋನಿನ ಲೆವೆಲ್ ಆ್ಯಪ್ ತೋರಿಸಿ 1 ಡಿಗ್ರಿ ಕೊಡ್ತೀನಿ ಅಂತಾನೆ. ಮೂರೂ ಒಂದೇನಾ? ಮೋಲ್ಡ್ ಸಮತಟ್ಟಾಗಿ ಹಾಕಿ, ಆಮೇಲೆ ಮೇಲೆ ಕಾಂಕ್ರೀಟ್ ಎಳೆದು ವಾಟ ಮಾಡಿ, ಎಲ್ಲಾ ನೀರನ್ನೂ ಈಶಾನ್ಯ ಮೂಲೆಯ ಒಂದೇ ಪೈಪಿಗೆ ಬಿಡೋಣ ಅನ್ನೋದು ಅವರ ಪ್ಲಾನ್.

ಇನ್ನೊಂದು, ಮುಂದೆ ಮಂಗಳೂರು ಹಂಚಿನ ಜಗುಲಿ ಬರುತ್ತೆ. ಅಗಲ 20 ಅಡಿ, ಉದ್ದ 24 ಅಡಿ, ಎರಡೂ ಕಡೆ ಇಳಿಜಾರು. ಮಾಡು (ಹಂಚಿನ ಛಾವಣಿ) ಎಷ್ಟು ಎತ್ತರ ಎತ್ತಬೇಕು? ಗೊತ್ತಿದ್ದವರು ಇಂಚಿನ ಲೆಕ್ಕದಲ್ಲಿ ಹೇಳಿ, ದಯವಿಟ್ಟು.

ಸೈಟ್_ಮಟ್ಟ

ಮೂರೂ ಬೇರೆ ಬೇರೆ ಸರ್. 1 ಪರ್ಸೆಂಟ್ ಅಂದ್ರೆ 100 ಇಂಚು ದೂರಕ್ಕೆ 1 ಇಂಚು ಇಳಿತ, ಅದೇ 1:100, ಡಿಗ್ರಿಯಲ್ಲಿ 0.57. 1:80 ಅಂದ್ರೆ 1.25 ಪರ್ಸೆಂಟ್, 0.72 ಡಿಗ್ರಿ. 1 ಡಿಗ್ರಿ ಅಂದ್ರೆ ಸುಮಾರು 1:57, ಅಂದ್ರೆ 1.75 ಪರ್ಸೆಂಟ್. 1:80 ಮತ್ತು 1:100ರ ನಡುವಿನ ವ್ಯತ್ಯಾಸ 0.15 ಡಿಗ್ರಿಗಿಂತಲೂ ಕಡಿಮೆ. ಫೋನನ್ನು ಒರಟು ಗಾರೆ ಮೇಲಿಟ್ಟು ಅಷ್ಟು ಸೂಕ್ಷ್ಮ ಅಳೆಯೋಕಾಗಲ್ಲ, ಕೆಳಗೆ ಒಂದು ಮರಳು ಕಾಳು ಸಿಕ್ಕಿದರೂ ಲೆಕ್ಕ ತಪ್ಪುತ್ತೆ. ತಾರಸಿಗೆ ಡಿಗ್ರಿ ಮಾತೇ ಬೇಡ. ದೂರ ಇಂಚಲ್ಲಿ ಹಿಡಿದು 80ರಿಂದ ಭಾಗಿಸಿ, ಟ್ಯೂಬ್ ಲೆವೆಲ್‌ನಿಂದ (ನೀರು ತುಂಬಿದ ಪಾರದರ್ಶಕ ಟ್ಯೂಬ್) ಗುರುತು ಹಾಕಿ. ಡಿಗ್ರಿ ಬೇಕಾಗೋದು ನಿಮ್ಮ ಹಂಚಿನ ಮಾಡಿಗೆ.

1:100 ಕಾಗದದ ಮೇಲೆ ಸಾಕು, ಸೈಟ್‌ನಲ್ಲಿ ಸಾಲಲ್ಲ. ಸ್ಲ್ಯಾಬ್ ಕಾಲ ಕಳೆದಂತೆ ನಡುವಲ್ಲಿ ಸ್ವಲ್ಪ ಬಾಗುತ್ತೆ. ಐಎಸ್ 456 (ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ) ಪ್ರಕಾರ ಅದಕ್ಕಿರೋ ಮಿತಿ ಸ್ಪ್ಯಾನ್‌ನ (ಎರಡು ಆಧಾರಗಳ ನಡುವಿನ ದೂರದ) 250ನೇ ಒಂದು ಭಾಗ. 15 ಅಡಿ ಸ್ಪ್ಯಾನ್‌ಗೆ ಅದು ಸುಮಾರು 18 ಮಿ.ಮೀ. ಅದೇ ಸ್ಪ್ಯಾನ್‌ನ ಅರ್ಧದಲ್ಲಿ, ಅಂದ್ರೆ ಏಳೂವರೆ ಅಡಿಯಲ್ಲಿ, 1:100 ವಾಟ ಕೊಡೋ ಇಳಿತ ಬರೀ 23 ಮಿ.ಮೀ. ಬಾಗು ಮಿತಿಯೊಳಗೇ ಇದ್ದರೂ ವಾಟದ ಮುಕ್ಕಾಲು ಪಾಲನ್ನು ಅದೇ ತಿಂದು ಹಾಕಬಹುದು. ಮೇಲಿಂದ ಮಟ್ಟಗೋಲು ಎಳೆಯುವಾಗ ಆಗೋ ಏರುಪೇರು ಬೇರೆ. ಆದ್ದರಿಂದ ಡ್ರಾಯಿಂಗ್‌ನ 1:80 ಸರಿ, ಬಿಟ್ಟುಕೊಡಬೇಡಿ.

ಈಗ ಹೆಚ್ಚಿನವರು ತಪ್ಪೋ ಜಾಗ. ನಾಲ್ಕು ಮೂಲೆಗೂ ಪೈಪ್ ಕೊಟ್ಟರೆ ತಾರಸಿ 15 × 20 ಅಡಿಯ ನಾಲ್ಕು ತುಂಡಾಗುತ್ತೆ. ನಡುಮಧ್ಯದಿಂದ ಮೂಲೆಗೆ ಕರ್ಣ ಸರಿಯಾಗಿ 25 ಅಡಿ. ಅದನ್ನೇ ಹಿಡಿದು 300 ಇಂಚನ್ನು 80ರಿಂದ ಭಾಗಿಸಿ, 3¾ ಇಂಚು ಅಂತ ನಡುವೆ ಎತ್ತಿ ಬಿಡ್ತಾರೆ. ಹಾಗೆ ಮಾಡಿದರೆ ಕರ್ಣದ ಮೇಲೆ 1:80 ಇರುತ್ತೆ, ಆದರೆ 15 ಅಡಿಯ ಪ್ಯಾರಾಪೆಟ್ ಅಂಚಿನಲ್ಲಿ ಇಳಿತ 1.35 ಇಂಚು ಮಾತ್ರ, ಅಂದ್ರೆ 1:133. ಗೋಡೆ ಬುಡದಲ್ಲಿ ನೀರು ನಿಲ್ಲೋದು, ಪಾಚಿ ಕಟ್ಟೋದು, ಒಳಗೆ ಗೋಡೆ ಮೇಲ್ಭಾಗದಲ್ಲಿ ತೇವ ಕಾಣಿಸೋದು ಇದರಿಂದಲೇ. ವಾಟ ಲೆಕ್ಕ ಹಾಕಬೇಕಾದ್ದು ಅಂಚುಗಳ ಮೇಲೆ:

15 ಅಡಿ = 180 ÷ 80 = 2¼ ಇಂಚು
20 ಅಡಿ = 240 ÷ 80 = 3 ಇಂಚು
ನಡುಮಧ್ಯದ ಎತ್ತರ = ಎರಡೂ ಕೂಡಿಸಿ 5¼ ಇಂಚು

ಇನ್ನು ನಿಮ್ಮ ಕಂಟ್ರಾಕ್ಟರ್ ಪ್ಲಾನ್ ನೋಡಿ. ಒಂದೇ ಮೂಲೆಗೆ ಬಿಟ್ಟರೆ 30 ಅಡಿಗೆ 4½, 40 ಅಡಿಗೆ 6, ಒಟ್ಟು 10½ ಇಂಚು. ಪೈಪ್ ಬಾಯಲ್ಲಿ ಕಾಂಕ್ರೀಟ್ ದಪ್ಪ ಒಂದೂವರೆ ಇಂಚಿಗಿಂತ ಕಡಿಮೆ ಇದ್ದರೆ ಹಪ್ಪಳೆ ಎದ್ದು ಬರುತ್ತೆ, ಅದನ್ನೂ ಸೇರಿಸಿದರೆ ಎದುರು ಮೂಲೆಯಲ್ಲಿ ದಪ್ಪ ಪೂರ್ತಿ 1 ಅಡಿ! 3 ಅಡಿ ಪ್ಯಾರಾಪೆಟ್ ಅಲ್ಲಿ 2 ಅಡಿಗೆ ಇಳೀತು. ಸರಾಸರಿ ದಪ್ಪ 6¾ ಇಂಚು, ಚದರ ಮೀಟರಿಗೆ ಸುಮಾರು 410 ಕೆ.ಜಿ., ಇಡೀ ತಾರಸಿಗೆ 46 ಟನ್ ಹತ್ತಿರ. ಜನ ಓಡಾಡೋ ತಾರಸಿಗೆ ಡಿಸೈನ್‌ನಲ್ಲಿ ಹಿಡಿಯೋ ಲೈವ್ ಲೋಡ್ (ಜನ, ಸಾಮಾನಿನ ಭಾರ) ಚದರ ಮೀಟರಿಗೆ 150 ಕೆ.ಜಿ. ವಾಟದ ಕಾಂಕ್ರೀಟೇ ಅದರ ಎರಡೂವರೆ ಪಟ್ಟು ಮೀರುತ್ತೆ. ಸ್ಟ್ರಕ್ಚರಲ್ ಇಂಜಿನಿಯರ್‌ಗೆ ಹೇಳದೆ ಇಷ್ಟು ಭಾರ ಹೇರಲೇಬಾರದು.

ನಾಲ್ಕು ಮೂಲೆಗೆ ಹಂಚಿದರೆ ಸರಾಸರಿ 4⅛ ಇಂಚು, 28 ಟನ್. ಅದೂ ಕಡಿಮೆಯೇನಲ್ಲ. ಮೋಲ್ಡ್ ಇನ್ನೂ ಹಾಕಿಲ್ಲ ಅಂದ್ರಲ್ಲ, ಇದೇ ಸಮಯ. ಸೆಂಟ್ರಿಂಗ್‌ನಲ್ಲೇ 40 ಅಡಿ ಉದ್ದಕ್ಕೆ ನಡುವೆ ಒಂದು ಏಣು (ಎತ್ತರದ ಗೆರೆ) ಬರೋ ಹಾಗೆ ಎರಡೂ ಬದಿಗೆ 2¼ ಇಂಚು ಇಳಿಸಿ. ಒಂದೇ ಏಣಾದ್ದರಿಂದ ಸೆಂಟ್ರಿಂಗ್‌ನವರಿಗೆ ಕಷ್ಟವಿಲ್ಲ, 15 ಅಡಿಗೆ 2¼ ಇಂಚು ಕೆಳಗಿನ ಸೀಲಿಂಗ್‌ನಲ್ಲಿ ಕಣ್ಣಿಗೂ ಬೀಳಲ್ಲ. ಉದ್ದದ ಕಡೆಯ 3 ಇಂಚು ಮಾತ್ರ ಮೇಲಿನ ಕಾಂಕ್ರೀಟ್‌ನಲ್ಲಿ ಮಾಡಿ. ಆಗ ಸರಾಸರಿ ದಪ್ಪ 3 ಇಂಚಿಗೆ, ಭಾರ 20 ಟನ್ ಚಿಲ್ಲರೆಗೆ ಇಳಿಯುತ್ತೆ. ಬೀಮ್ ಮೇಲ್ಮಟ್ಟ ಅದಕ್ಕೆ ತಕ್ಕಂತೆ ಬದಲಾಗುತ್ತೆ, ಕಂಬಿ ಕಟ್ಟೋ ಮೊದಲೇ ಇಂಜಿನಿಯರ್ ಹತ್ರ ಒಪ್ಪಿಸಿ.

ಪೈಪ್ ಎಷ್ಟು ಬೇಕು? ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ಮೀರಿ ಸುರಿಯುತ್ತೆ ಅನ್ನೋದು ಇಲ್ಲಿ ಲೆಕ್ಕಕ್ಕೆ ಬರಲ್ಲ. ಪೈಪಿಗೆ ಬೇಕಾದ್ದು ಒಂದು ಗಂಟೆಯ ರಭಸ. ಗಂಟೆಗೆ 100 ಮಿ.ಮೀ. ಹಿಡಿದರೆ 4 ಇಂಚಿನ ಒಂದು ಪೈಪ್ ಸುಮಾರು 42 ಚದರ ಮೀಟರಿಗೆ ಸಾಕು, 150 ಮಿ.ಮೀ. ಹಿಡಿದರೆ 28 ಚದರ ಮೀಟರಿಗೆ. ನಿಮ್ಮ ತಾರಸಿ 111 ಚದರ ಮೀಟರ್ ಚಿಲ್ಲರೆ, ಒಂದೊಂದು ತುಂಡು 28. ನಾಲ್ಕು ಮೂಲೆ, ನಾಲ್ಕು ಇಂಚಿನ ನಾಲ್ಕು ಪೈಪ್. ಈಶಾನ್ಯಕ್ಕೇ ನೀರು ಹೋಗಬೇಕು ಅಂದ್ರೆ ಕೆಳಗೆ ನೆಲದಲ್ಲಿ ಪೈಪ್ ಎಳೆದು ಅಲ್ಲಿಗೆ ಸೇರಿಸಿ, ತಾರಸಿ ಮೇಲಲ್ಲ.

ಗಾರೆ_ಕೆಲಸ

ಮೇಲಿನವರು ಹೇಳಿದ ಲೆಕ್ಕವನ್ನ ತಾರಸಿ ಮೇಲೆ ಇಳಿಸೋದು ಹೀಗೆ. ಮೊದಲು ಒಂದು ಮೂಲೆಯಲ್ಲಿ ಸ್ಲ್ಯಾಬಿಂದ 18 ಇಂಚು ಎತ್ತರಕ್ಕೆ ಪ್ಯಾರಾಪೆಟ್ ಮೇಲೆ ಗುರುತು. ಟ್ಯೂಬ್ ಲೆವೆಲ್ ಹಿಡಿದು ಅದೇ ಮಟ್ಟವನ್ನ ಸುತ್ತ ಗೋಡೆಗೂ, ನಡುವಲ್ಲಿ ಇಟ್ಟಿಗೆ ಜೋಡಿಸಿ ನಿಲ್ಲಿಸಿದ ಗುಡ್ಡೆಗೂ ದಾಟಿಸಿ ನೀಲಿ ದಾರ ಹೊಡೀರಿ. ಟ್ಯೂಬ್ ಒಳಗೆ ಗಾಳಿ ಗುಳ್ಳೆ ಇರಬಾರದು, ಇದ್ದರೆ ಅರ್ಧ ಇಂಚು ಸುಳ್ಳು ತೋರಿಸುತ್ತೆ. ಟ್ಯೂಬಿನ ಎರಡೂ ಬಾಯಿ ಪಕ್ಕಪಕ್ಕ ಹಿಡಿದು ನೀರು ಒಂದೇ ಮಟ್ಟಕ್ಕೆ ಬರುತ್ತಾ ನೋಡಿಯೇ ಶುರು ಮಾಡಿ.

ಆಮೇಲೆ ನಾಲ್ಕೂ ಮೂಲೆಯಲ್ಲಿ ಆ ಗೆರೆಯಿಂದ ಸ್ಲ್ಯಾಬಿಗೆ ಅಳೀರಿ. ಯಾವ ಮೂಲೇಲಿ ಅಳತೆ ಕಡಿಮೆ ಬರುತ್ತೋ ಅಲ್ಲಿ ಸ್ಲ್ಯಾಬ್ ಎತ್ತರ ಇದೆ ಅಂತ ಅರ್ಥ. ಒಂದೂವರೆ ಇಂಚಿನ ದಪ್ಪ ಆ ಮೂಲೆಗೆ ಸಿಗಬೇಕು, ಉಳಿದವು ಅದಕ್ಕೆ ಹೊಂದಿಕೊಳ್ಳುತ್ತವೆ. ಎಲ್ಲಾ ಮೂಲೆಗೂ 18 ಇಂಚೇ ಬಂತು ಅಂತಿಟ್ಕೊಳ್ಳಿ. ಗೆರೆಯಿಂದ ಕೆಳಕ್ಕೆ ಮುಗಿದ ಮೈ ಹೀಗೆ ಬರಬೇಕು:

ಪೈಪ್ ಇರೋ ಮೂಲೆ: 16½ ಇಂಚು
30 ಅಡಿ ಗೋಡೆಯ ನಡು: 14¼
40 ಅಡಿ ಗೋಡೆಯ ನಡು: 13½
ತಾರಸಿ ನಡುಮಧ್ಯ: 11¼

ಸೆಂಟ್ರಿಂಗ್‌ನಲ್ಲೇ ಏಣು ಕೊಟ್ಟಿದ್ದರೂ ಈ ನಾಲ್ಕು ಅಂಕಿ ಬದಲಾಗಲ್ಲ, ಕೆಳಗಿನ ದಪ್ಪ ಮಾತ್ರ ಕಮ್ಮಿ ಆಗುತ್ತೆ. ಅದಕ್ಕೇ ಸ್ಲ್ಯಾಬ್ ಮೇಲಿಂದ ದಪ್ಪ ಅಳೆಯೋ ಬದಲು ಗೆರೆಯಿಂದ ಕೆಳಗೆ ಅಳೀಬೇಕು ಅನ್ನೋದು. ಈ ಬಿಂದುಗಳ ನಡುವೆ ದಾರ ಬಿಗಿದು 5 ಅಡಿಗೊಂದು ಗಾರೆ ಗುಡ್ಡೆ ಇಡಿ, ಮಾರನೇ ದಿನ ಗಟ್ಟಿಯಾದ ಮೇಲೆ 6 ಅಡಿ ಅಲ್ಯುಮಿನಿಯಂ ಮಟ್ಟಗೋಲನ್ನ ಗುಡ್ಡೆಯಿಂದ ಗುಡ್ಡೆಗೆ ಎಳೀರಿ. ಗುಡ್ಡೆ ಇಲ್ಲದೆ ಕಣ್ಣಂದಾಜಲ್ಲಿ ಎಳೆದರೆ ನಡುವೆ ತಟ್ಟೆಯಂತಹ ತಗ್ಗು ಬಿದ್ದೇ ಬೀಳುತ್ತೆ.

ಕಾಂಕ್ರೀಟ್ 1:2:4 (ಸಿಮೆಂಟ್, ಮರಳು, ಜಲ್ಲಿ), ಬೇಬಿ ಜಲ್ಲಿ ಅಂದ್ರೆ ಸಣ್ಣ ಜಲ್ಲಿ. ನೀರು ಕಮ್ಮಿ ಹಾಕಿ. ತೆಳ್ಳಗೆ ಕಲಸಿದ ಮಾಲು ತಾನೇ ಹರಿದು ಮಟ್ಟ ಆಗಿಬಿಡುತ್ತೆ, ನೀವು ಮಾಡಿದ ವಾಟ ಅಲ್ಲೇ ಹೋಯ್ತು. 10 ಅಡಿ ಚೌಕದ ತುಂಡು ಮಾಡಿ ಒಂದು ಬಿಟ್ಟು ಒಂದು ಹಾಕಿ, ಬಿರುಕು ತಪ್ಪುತ್ತೆ. ಗೋಡೆ ಬುಡ ಮೂಲೆಗೆ ಉಬ್ಬು ಗಾರೆ ಕೊಟ್ಟು ದುಂಡಗೆ ಮಾಡಿ. ಪೈಪ್ ಬಾಯಿ ಸುತ್ತ ಒಂದೂವರೆ ಅಡಿ ಚೌಕ ಇನ್ನೂ ಅರ್ಧ ಇಂಚು ತಗ್ಗಿಸಿ, ಅದಕ್ಕೆ ಆ ಜಾಗದಲ್ಲಿ ಮೊದಲೇ ಸ್ಲ್ಯಾಬನ್ನ ಅಷ್ಟು ಇಳಿಸಿರಬೇಕು, ಇಲ್ಲಾಂದ್ರೆ ದಪ್ಪ ಒಂದು ಇಂಚಿಗೆ ಬರುತ್ತೆ.

ಚಪ್ಪಟೆ ಜಾಲರಿ ಹಾಕಬೇಡಿ. ನಿಮ್ಮ ಕಡೆ ಹಲಸಿನ ಎಲೆ ಒಂದು ಬಿದ್ದರೆ ಸಾಕು, ಪೂರ್ತಿ ಮುಚ್ಚಿಕೊಳ್ಳುತ್ತೆ. ಗುಮ್ಮಟದಂತೆ ಮೇಲೆದ್ದ ಜಾಲರಿ ಸಿಗುತ್ತೆ, ಅದೇ ಬೇಕು. ಜೊತೆಗೆ ಪ್ಯಾರಾಪೆಟ್‌ನಲ್ಲಿ ಪೈಪ್ ಬಾಯಿಗಿಂತ 2 ಇಂಚು ಮೇಲೆ ಹೊರಗೆ ಬೀಳೋ ಹಾಗೆ ಒಂದೊಂದು ತೂತು ಬಿಡಿ. ಪೈಪ್ ಕಟ್ಟಿಕೊಂಡರೆ ನೀರು ಅಲ್ಲಿಂದ ಹೊರಗೆ ಬೀಳೋದು ಕಾಣುತ್ತೆ, ತಾರಸಿ ಮೇಲೆ ಕೆರೆ ಆಗಲ್ಲ.

ಪಕಾಸು_ರೀಪು

ಹಂಚಿನ ಮಾಡಿನ ವಿಷಯ ನಾನು ಹೇಳ್ತೇನೆ ಮಾರಾಯ್ರೆ. ಇಲ್ಲಿ ನೀರು ಇಳಿದು ಹೋಗೋದು ಮಾತ್ರ ಅಲ್ಲ, ಗಾಳಿ ಅದನ್ನ ಹಂಚಿನ ಸೆರಗಿನ ಒಳಗೆ ಮೇಲಕ್ಕೆ ತಳ್ಳದಂತೆ ಮಾಡಬೇಕು. 12 ಇಂಚಿಗೆ 6 ಇಂಚು ಎತ್ತಿದರೆ 26½ ಡಿಗ್ರಿ, ಬಯಲುಸೀಮೆಗೆ ನಡೆಯುತ್ತೆ. 12ಕ್ಕೆ 7 ಅಂದ್ರೆ 30 ಡಿಗ್ರಿ. 12ಕ್ಕೆ 8½ ಅಂದ್ರೆ 35. ಆಗುಂಬೆ ಮಳೆಗೆ 35ಕ್ಕಿಂತ ಕಮ್ಮಿ ನಾನಂತೂ ಹೇಳಲ್ಲ. 45 ದಾಟಿದರೆ ಹಂಚು ರೀಪಿನ (ಹಂಚು ಕೂರೋ ಅಡ್ಡ ಪಟ್ಟಿ) ಮೇಲೆ ಬರೀ ಭಾರಕ್ಕೆ ಕೂರಲ್ಲ, ತಂತಿ ಕಟ್ಟಬೇಕಾಗುತ್ತೆ.

20 ಅಡಿ ಅಗಲ ಅಂದ್ರೆ ಅರ್ಧ 10 ಅಡಿ. ಗೋಡೆ ಮಟ್ಟದಿಂದ ಮೋಟಿನ (ಮಾಡಿನ ನೆತ್ತಿ) ಎತ್ತರ 30 ಡಿಗ್ರಿಗೆ 5 ಅಡಿ 9 ಇಂಚು, 35 ಡಿಗ್ರಿಗೆ 7 ಅಡಿ. ಸೂರು ಎರಡೂವರೆ ಅಡಿ ಮುಂದೆ ಬಿಡ್ತೀರಿ ಅಂತ ಹಿಡಿದರೆ ಪಕಾಸಿನ (ಮೋಟಿನಿಂದ ಸೂರಿಗೆ ಇಳಿಯೋ ಮರ) ಉದ್ದ 30ಕ್ಕೆ 14 ಅಡಿ 5 ಇಂಚು, 35ಕ್ಕೆ 15 ಅಡಿ 3 ಇಂಚು. 100 ಚದರಡಿಗೆ 150 ಹಂಚಿನ ಲೆಕ್ಕದಲ್ಲಿ ಎರಡೂ ಮಗ್ಗುಲಿಗೆ 30 ಡಿಗ್ರಿಗೆ 1040, 35ಕ್ಕೆ 1100. ಒಡೆಯೋದಕ್ಕೆ ನೂರಕ್ಕೆ ಐದು ಸೇರಿಸಿ. 60 ಹಂಚು, ಪಕಾಸಿಗೆ 10 ಇಂಚು ಮರ, ಇಷ್ಟಕ್ಕೆ ಮಳೆಗಾಲ ಪೂರ್ತಿ ಜಗುಲಿ ಒಣಗಿರುತ್ತೆ ಅಂದ್ರೆ ಅಲ್ಲಿ ಉಳಿಸೋಕೆ ಹೋಗಬಾರದು.

ಒಂದು ಎಚ್ಚರ. 12 ಮತ್ತು 8½ರಲ್ಲಿ 12 ಅನ್ನೋದು ಮಟ್ಟವಾಗಿ ಅಳೆದ ದೂರ. ಕೆಲವರು ಪಕಾಸಿನ ಮೇಲೆ ಓರೆಯಾಗಿ 12 ಇಂಚು ಅಳೆದು ಅಲ್ಲಿಂದ 8½ ನೋಡ್ತಾರೆ, ಆಗ 45 ಡಿಗ್ರಿ ಆಗಿ ಕೂರುತ್ತೆ. ಪ್ಲೈವುಡ್‌ನಲ್ಲಿ 24 ಇಂಚು × 17 ಇಂಚಿನ ಒಂದು ತ್ರಿಕೋನ ಕತ್ತರಿಸಿ ಬಡಗಿ ಕೈಗೆ ಕೊಡಿ. 24 ಇಂಚಿನ ಬದಿ ಮೇಲೆ ರಸಮಟ್ಟ (ಸ್ಪಿರಿಟ್ ಲೆವೆಲ್) ಇಟ್ಟು ಪ್ರತಿ ಪಕಾಸನ್ನೂ ನೋಡಬಹುದು.

ಸೂರಿನ ಎತ್ತರವನ್ನೂ ಮೊದಲೇ ನೋಡ್ಕೊಳ್ಳಿ. ಎರಡೂವರೆ ಅಡಿ ಮುಂದೆ ಬಂದರೆ 35 ಡಿಗ್ರಿಗೆ 1 ಅಡಿ 9 ಇಂಚು ಕೆಳಗಿಳಿಯುತ್ತೆ. ಗೋಡೆ 9 ಅಡಿ ಇದ್ದರೆ ಸೂರು 7 ಅಡಿ 3 ಇಂಚಿಗೆ. ಅದರ ಕೆಳಗೆ ದಂಬೆ (ಸೂರಿನ ನೀರು ಹಿಡಿಯೋ ಕಾಲುವೆ) ಕಟ್ಟಿದ ಮೇಲೂ ತಲೆ ತಾಗಬಾರದಲ್ಲ. ರೀಪಿನ ಅಂತರ ಸುಮಾರು 12½ ಇಂಚು, ಆದರೆ ಅಂಕಿ ನಂಬಬೇಡಿ. ತಂದ ಹಂಚಿನಲ್ಲೇ ಹತ್ತು ಸಾಲು ನೆಲದ ಮೇಲೆ ಜೋಡಿಸಿ ಅಳೆದು ಹತ್ತರಿಂದ ಭಾಗಿಸಿ. ಫ್ಯಾಕ್ಟರಿಯಿಂದ ಫ್ಯಾಕ್ಟರಿಗೆ ಕಾಲು ಇಂಚು ಆಚೀಚೆ ಇರುತ್ತೆ.

ಮಲೆನಾಡಮನೆ

ತುಂಬಾ ಉಪಕಾರ ಆಯ್ತು. ಇಂಜಿನಿಯರ್ ಹತ್ರ ಮಾತಾಡಿದೆ, ಸೆಂಟ್ರಿಂಗ್‌ನಲ್ಲೇ ಏಣು ಕೊಡೋಕೆ ಒಪ್ಪಿದಾರೆ. ಇನ್ನೆರಡು ಸಂದೇಹ. ಜಗುಲಿ ತುದಿಯಲ್ಲಿ ಬಲಕ್ಕೆ ತಿರುಗಿ ಎಲ್ ಆಕಾರ ಆಗುತ್ತೆ, ಎರಡು ಮಾಡು ಕೂಡೋ ಒಳಮೂಲೆಗೂ ಅದೇ 35 ಡಿಗ್ರಿ ಸಿಗುತ್ತಾ? ಮತ್ತೆ, ಮುಂದೆ ಹೇಗೂ ತಾರಸಿ ಮೇಲೆ ಶೀಟ್ ಹಾಕ್ತೀರಲ್ಲ, ವಾಟಕ್ಕೆ ಯಾಕೆ ಇಷ್ಟು ಖರ್ಚು ಅಂತ ಮನೆಯಲ್ಲಿ ಕೇಳ್ತಿದಾರೆ.

ಪಕಾಸು_ರೀಪು

ಸಿಗಲ್ಲ. ಒಳಮೂಲೆ ಓರೆಯಾಗಿ ಓಡುತ್ತೆ, ಅಷ್ಟೇ ಎತ್ತರ ಇಳಿಯೋಕೆ 10 ಅಡಿ ಬದಲು 14 ಅಡಿ 2 ಇಂಚು ದೂರ ಹೋಗುತ್ತೆ. ಹಾಗಾಗಿ ಮಾಡು 35 ಇದ್ದರೆ ಒಳಮೂಲೆ 26 ಚಿಲ್ಲರೆ, ಮಾಡು 30 ಇದ್ದರೆ ಒಳಮೂಲೆ 22. ಎರಡು ಮಾಡಿನ ನೀರು ಅಲ್ಲಿಗೇ ಬರುತ್ತೆ, ಇಳಿಜಾರು ಕಮ್ಮಿ. ಹಳೇ ಮನೆಗಳಲ್ಲಿ ಮೊದಲು ಸೋರೋದು ಅದೇ ಜಾಗ. 35 ಹಿಡಿಯೋಕೆ ಇದೂ ಒಂದು ಕಾರಣ.

ಅಲ್ಲಿ ಹಂಚಿನ ಕೆಳಗೆ ಕನಿಷ್ಠ 18 ಇಂಚು ಅಗಲದ ತಗಡು ಕೂರಿಸಿ, ಎರಡೂ ಅಂಚನ್ನ ಮುಕ್ಕಾಲು ಇಂಚು ಮೇಲಕ್ಕೆ ಮಡಚಿ. ಹಂಚು ತಗಡಿನ ಮೇಲೆ ಎರಡೂ ಕಡೆ 5 ಇಂಚು ಒಳಗೆ ಬರಲಿ, ನಡುವೆ 8 ಇಂಚು ಬಯಲಾಗಿರಲಿ. ಆ ಬಯಲು ಕಿರಿದಾದರೆ ಎಲೆ ಸಿಕ್ಕಿ ನೀರು ಹಂಚಿನ ಕೆಳಗೆ ನುಗ್ಗುತ್ತೆ. ತಗಡಿನ ನಡುವೆ ಮೊಳೆ ಹೊಡೆಯೋಕೆ ಬಿಡಬೇಡಿ, ಅಂಚಿನ ಮಡಿಕೆಯಲ್ಲೇ ಕ್ಲಿಪ್ ಹಾಕಿಸಿ.

ದಂಬೆಗೆ ಮಾತ್ರ ವಾಟ ಜಾಸ್ತಿ ಕೊಡಬೇಡಿ. 24 ಅಡಿಗೆ ಒಂದೂವರೆ ಇಂಚು ಸಾಕು, ಹೆಚ್ಚುಕಮ್ಮಿ 1:200. ಹೆಚ್ಚು ಕೊಟ್ಟರೆ ತಗ್ಗಿನ ತುದಿ ಸೂರಿಂದ ತೀರಾ ಕೆಳಗೆ ಹೋಗಿ, ರಭಸದ ಮಳೆಯಲ್ಲಿ ನೀರು ದಂಬೆ ದಾಟಿ ಆಚೆ ಬೀಳುತ್ತೆ.

ಸೈಟ್_ಮಟ್ಟ

ಶೀಟ್ ಬಗ್ಗೆ: ಹಾಕಿ, ನಿಮ್ಮ ಮಳೆಗೆ ಅದು ಬೇಕೇ ಬೇಕು. ಆದರೆ ಸುತ್ತ ಗೋಡೆ ಇಲ್ಲದ ಶೀಟಿನ ಕೆಳಗೆ ಎರಚಲು ಎಲ್ಲಾ ಕಡೆಯಿಂದ ಒಳಗೆ ಬರುತ್ತೆ, ಪ್ಯಾರಾಪೆಟ್ ಆ ನೀರನ್ನ ಒಳಗೇ ಹಿಡಿದಿಡುತ್ತೆ. ಬಿಸಿಲೂ ತಾಗಲ್ಲ, ಹಾಗಾಗಿ ನಿಂತ ನೀರು ವಾರಗಟ್ಟಲೆ ಆರಲ್ಲ. ಶೀಟ್ ಇದ್ದರೂ ವಾಟ ಇರಲೇಬೇಕು.

ಶೀಟಿಗೆ 10 ಡಿಗ್ರಿ ಇಟ್ಕೊಳ್ಳಿ. 30 ಅಡಿಗೆ ಒಂದೇ ಇಳಿಜಾರು ಕೊಟ್ಟರೆ ಎತ್ತರದ ವ್ಯತ್ಯಾಸ 5 ಅಡಿ 3 ಇಂಚು, ಎತ್ತರದ ಕಡೆ ಗಾಳಿ ಹಿಡಿದು ಎತ್ತುತ್ತೆ. ನಡುವೆ ಮೋಟು ಮಾಡಿ ಎರಡು ಕಡೆ ಇಳಿಸಿದರೆ 2 ಅಡಿ 8 ಇಂಚು ಸಾಕು. ಕಂಬದ ಬೇಸ್ ಪ್ಲೇಟಿಗೆ ಬೋಲ್ಟ್‌ಗಳನ್ನ ಮೋಲ್ಡ್ ಹಾಕುವಾಗಲೇ ಕೂರಿಸಿ. ಆಮೇಲೆ ವಾಟರ್‌ಪ್ರೂಫಿಂಗ್ ಮೇಲೆ ಡ್ರಿಲ್ ಮಾಡಿದರೆ ಅಷ್ಟೂ ತೂತು ಸೋರುವ ಜಾಗಗಳೇ.

ಹೊಸಬ_ಕಡೂರು

ಇದೇ ಥ್ರೆಡ್‌ನಲ್ಲಿ ಕೇಳಬಹುದಾ? ಟಾಯ್ಲೆಟ್‌ನ 4 ಇಂಚಿನ ಪೈಪ್ ಪಿಟ್‌ವರೆಗೆ 40 ಅಡಿ. ಪ್ಲಂಬರ್ 3 ಇಂಚು ವಾಟ ಸಾಕು ಅಂತಾರೆ.

ಸೈಟ್_ಮಟ್ಟ

ಸಾಲಲ್ಲ ಸರ್, ಅದು 1:160. ನೀರು ನಿಧಾನ ಆಗಿ ಗಟ್ಟಿ ಪದಾರ್ಥ ಅಲ್ಲೇ ಕೂರುತ್ತೆ. ಪೈಪ್ ಇಂಚನ್ನ 10ರಿಂದ ಗುಣಿಸಿ, ಅಷ್ಟು ದೂರಕ್ಕೆ ಒಂದು: 4 ಇಂಚಿಗೆ 1:40, 6 ಇಂಚಿಗೆ 1:60. ನಿಮ್ಮ 40 ಅಡಿ ಅಂದ್ರೆ 480 ಇಂಚು, ಅದಕ್ಕೆ 12 ಇಂಚು ಇಳಿತ. ಪಿಟ್ ಬಾಯಿ ಅಷ್ಟು ಆಳ ಇದೆಯಾ ಅನ್ನೋದನ್ನ ಕಾಲುವೆ ತೋಡೋ ಮೊದಲು ನೋಡಿ. ಜಾಗ ಸಿಗದಿದ್ದರೆ 8 ಇಂಚಿನವರೆಗೆ, ಅಂದ್ರೆ 1:60ಕ್ಕೆ ಬರಬಹುದು, ಅದಕ್ಕಿಂತ ಕೆಳಗೆ ಬೇಡ.

ಕಾಲುವೆ ತಳವೇ ವಾಟಕ್ಕೆ ಬಂದಿರಬೇಕು. ಪೈಪ್ ಕೆಳಗೆ ಅಲ್ಲಲ್ಲಿ ಇಟ್ಟಿಗೆ ಕೊಟ್ಟು ವಾಟ ಹೊಂದಿಸಿದರೆ ಮಣ್ಣು ಮುಚ್ಚಿದ ಮೇಲೆ ಎರಡು ಇಟ್ಟಿಗೆ ನಡುವೆ ಪೈಪ್ ಜೋತು ಬಿದ್ದು ಅಲ್ಲೇ ಕಟ್ಟಿಕೊಳ್ಳುತ್ತೆ. 4 ಇಂಚು ಮರಳು ಹಾಸಿ, ಮೇಲೆ ಪೈಪ್ ಇಟ್ಟು, ಮುಚ್ಚೋ ಮೊದಲು ಒಂದು ಬಕೆಟ್ ನೀರು ಸುರಿದು ಆ ಕಡೆ ಪೂರ್ತಿ ಬಂತಾ ನೋಡಿ. ತಿರುವು ಇರೋ ಕಡೆ ಚೇಂಬರ್ ಕಟ್ಟಿಸಿ, ಅಲ್ಲಿ 90 ಡಿಗ್ರಿ ಬೆಂಡ್ ಬದಲು ಎರಡು 45 ಹಾಕಿಸಿ.